ಊಟ-ವಸತಿಯ ಲೆಕ್ಕ

ಕಳೆದ ಭಾನುವಾರ ಅಣ್ಣನ ಮಗಳು ಠಾಣೆಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಬಿ.ಎಡ್. ಮುಗಿಸಿ ಒಂದು ವರ್ಷವಾಗಿದೆ. ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಸಂಬಳ ತಿಂಗಳ ಇಪ್ಪತ್ತನೇ ತಾರೀಖಿಗೆಲ್ಲ ಮುಗಿದುಹೋಗುತ್ತದೆ. "ಅತ್ತೆ, ನೀವು ಥಾಯ್ಲೆಂಡಿಗೆ ಪಾಠ ಮಾಡಲು ಹೋಗಿ ಬಂದಿರಲ್ಲ, ನಾನೂ ಹೊರದೇಶಕ್ಕೆ ಹೋಗುತ್ತೇನೆ" ಎನ್ನುತ್ತಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಏಷ್ಯಾದ ಐದು ದೇಶಗಳನ್ನು ಒಂದರ ಕೆಳಗೊಂದು ಬರೆದಿದ್ದಳು: ದಕ್ಷಿಣ ಕೊರಿಯಾ, ಜಪಾನ್, ಚೀನಾ, ವಿಯೆಟ್ನಾಂ, ಥಾಯ್ಲೆಂಡ್. ಪ್ರತಿಯೊಂದರ ಮುಂದೆ ಇಂಗ್ಲಿಷ್ ಶಿಕ್ಷಕರ ಸಂಬಳ, ಪಕ್ಕದಲ್ಲಿ ಅದನ್ನು ರೂಪಾಯಿಗೆ ಗುಣಿಸಿದ ಮೊತ್ತ. ಸಂಬಳ ಹೆಚ್ಚಿದ್ದ ದೇಶ ಮೇಲೆ, ಕಡಿಮೆ ಇದ್ದದ್ದು ಕೆಳಗೆ.

ಆರಾಮ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದ ಅಪ್ಪಯ್ಯ ತಲೆ ಎತ್ತದೆ ಕೇಳಿದರು: "ಊಟ-ವಸತಿ ಯಾರದ್ದು?"

ಅವಳು ನಕ್ಕಳು. "ಅಜ್ಜ, ಅದು ಹೋಟೆಲಲ್ಲ, ಶಾಲೆ."

ನನಗೆ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ಅಪ್ಪಯ್ಯ 2016ರಲ್ಲಿ ನನಗೂ ಕೇಳಿದ್ದರು. ಆಗ ನಾನೂ ಹೆಚ್ಚುಕಡಿಮೆ ಇದೇ ಉತ್ತರ ಕೊಟ್ಟಿದ್ದೆ. ಆ ಪ್ರಶ್ನೆಯ ತೂಕ ತಿಳಿಯಲು ನನಗೆ ಇಡೀ ಒಂದು ವರ್ಷ ಹಿಡಿಯಿತು.

ಅಪ್ಪಯ್ಯ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು 1963ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ. ಫೋರ್ಟ್ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದರು. ಮೇಜು ಒರೆಸುವುದು, ನೀರು ಇಡುವುದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಆ ಕಾಲದ ಮುಂಬಯಿಯಲ್ಲಿ ಮೆಟ್ರಿಕ್ ಮುಗಿಸಿದ್ದು ಹಾಗೆಯೇ, ಹಗಲು ಹೋಟೆಲು, ರಾತ್ರಿ ಶಾಲೆ. ಮಲಗುವುದು ಹೋಟೆಲಿನ ಅಟ್ಟದಲ್ಲಿ, ಅಕ್ಕಿ ಮೂಟೆಗಳ ಪಕ್ಕ. ಊಟ ಹೋಟೆಲಿನದೇ. ಸಂಬಳ ಧಣಿಗಳ ಪುಸ್ತಕದಲ್ಲಿ ಜಮೆಯಾಗುತ್ತಿತ್ತು, ಊರಿಗೆ ಕಳಿಸಬೇಕಾದಾಗ ಮಾತ್ರ ಕೈಗೆ ಬರುತ್ತಿತ್ತು.

ಊರಿನವರೇ ಒಬ್ಬರು ಪರೇಲಿನ ಬಟ್ಟೆ ಗಿರಣಿಯಲ್ಲಿದ್ದರು. ಅವರ ಸಂಬಳ ಅಪ್ಪಯ್ಯನ ಸಂಬಳದ ಎರಡರಷ್ಟಕ್ಕೂ ಹೆಚ್ಚು. ಅಪ್ಪಯ್ಯ ಪ್ರಾಯಕ್ಕೆ ಬಂದ ಮೇಲೆ "ಎಷ್ಟು ದಿನ ತಟ್ಟೆ ಎತ್ತುತ್ತೀಯ, ನಮ್ಮ ಗಿರಣಿಗೆ ಬಾ" ಎಂದು ಕರೆದರಂತೆ. ಅಪ್ಪಯ್ಯ ಒಂದು ರಾತ್ರಿ ಅಟ್ಟದಲ್ಲಿ ಕುಳಿತು ಲೆಕ್ಕ ಹಾಕಿದರು. ಖೋಲಿಯ ಬಾಡಿಗೆ, ಖಾನಾವಳಿಯ ಊಟ, ಟ್ರೇನಿನ ಪಾಸು, ಸಾಬೂನು, ಬೀಡಿ. ಎಲ್ಲ ಕಳೆದರೆ ಗಿರಣಿಯವರ ಕೈಯಲ್ಲಿ ಉಳಿಯುವುದು ತನ್ನ ಕೈಯಲ್ಲಿ ಉಳಿಯುವುದಕ್ಕಿಂತ ಕಡಿಮೆ. ಅವರು ಹೋಗಲಿಲ್ಲ. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಲಕ್ಷಗಟ್ಟಲೆ ಕಾರ್ಮಿಕರು ಹೊರಗೆ ಬಂದರು. ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಮೊದಲಿನಂತೆ ಕೂಗಲೇ ಇಲ್ಲ. ಆ ಊರಿನವರು ತಿಂಗಳುಗಟ್ಟಲೆ ರಾತ್ರಿ ಊಟಕ್ಕೆ ಅಪ್ಪಯ್ಯನ ಹೋಟೆಲಿನ ಹಿಂಬಾಗಿಲಿಗೆ ಬರುತ್ತಿದ್ದರಂತೆ. ಅಪ್ಪಯ್ಯ ಇದನ್ನು ಜಂಭದಿಂದ ಹೇಳಿದವರಲ್ಲ. ಹೇಳುವಾಗ ಅವರ ಧ್ವನಿ ತಗ್ಗುತ್ತದೆ.

ಅವರ ಟ್ರಂಕಿನಲ್ಲಿ ಮನಿಯಾರ್ಡರ್ ರಸೀದಿಗಳ ಒಂದು ಕಟ್ಟು ಇನ್ನೂ ಇದೆ, ಬಾಳೆನಾರಿನಲ್ಲಿ ಕಟ್ಟಿದ್ದು. ಅಂಚೆ ಮೊಹರಿನ ಮಸಿ ಕಂದಿಹೋಗಿದೆ, ಮೊತ್ತ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ: 40, 40, 45, ಒಂದು ಚೌತಿಗೆ 70. ಅಂಚೆ ಇಲಾಖೆ ಆ ಹಳೆಯ ಮನಿಯಾರ್ಡರನ್ನು 2015ರ ಏಪ್ರಿಲಿನಲ್ಲಿ ನಿಲ್ಲಿಸಿತು. ಆ ಸುದ್ದಿ ಓದಿದ ದಿನ ಅಪ್ಪಯ್ಯ ಕಟ್ಟನ್ನು ಹೊರತೆಗೆದು ಧೂಳು ಕೊಡವಿ ಹಾಗೆಯೇ ಒಳಗಿಟ್ಟರು.

ಊರಿನಲ್ಲಿ ಅಮ್ಮ ಆ ಹಣದಲ್ಲಿ ಪಿಗ್ಮಿ ಕಟ್ಟುತ್ತಿದ್ದರು. ಪಿಗ್ಮಿ ನಮ್ಮ ಕರಾವಳಿಯದೇ ಕೂಸು. 1928ರಲ್ಲಿ ಉಡುಪಿಯ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, ಮನೆಮನೆಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಪದ್ಧತಿ ಆರಂಭಿಸಿತು. ಅಮ್ಮನ ಕಾಲಕ್ಕೆ ಅದು ಒಂದು ರೂಪಾಯಿಗೆ ಬಂದಿತ್ತು. ಏಜೆಂಟರು ಸಂಜೆ ಸೈಕಲ್ಲು ನಿಲ್ಲಿಸಿ ಅಂಗಳದಲ್ಲಿ ನಿಂತರೆ, ಅಮ್ಮ ಒಗ್ಗರಣೆ ಡಬ್ಬದಿಂದ ನಾಣ್ಯ ತೆಗೆಯುತ್ತಿದ್ದರು. ಕೈಯಲ್ಲಿ ಇಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ ನೆನಪಿಲ್ಲ.

1990ರಲ್ಲಿ ಅಪ್ಪಯ್ಯ ಹೋಟೆಲಿನ ಗಲ್ಲೆಯ ಮೇಲೆ ಕೂರುವಂತಾದಾಗ ನಮ್ಮನ್ನೆಲ್ಲ ಮುಂಬಯಿಗೆ ಕರೆಸಿಕೊಂಡರು. ನನ್ನನ್ನು ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ಸೇರಿಸಿದರು. ಬಾಲಭಾರತಿಯ ಕನ್ನಡ ಪುಸ್ತಕ, ಮರಾಠಿ ಮಾತನಾಡುವ ಬೀದಿ, ಮನೆಯಲ್ಲಿ ಕುಂದಾಪುರದ ಕನ್ನಡ. ಆಗ ಮಹಾರಾಷ್ಟ್ರದಲ್ಲಿ ನಮ್ಮಂಥ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಯಿಂದ. ಒಂದನೇ ತರಗತಿಯಿಂದ ಕಲಿಸುವ ಕ್ರಮ ಬಂದದ್ದು 2000ದಲ್ಲಿ, ನಾನು ಹತ್ತನೆಯದನ್ನು ಮುಗಿಸಿದ ವರ್ಷ. ಅಂದರೆ ನಾನು ಎ, ಬಿ, ಸಿ, ಡಿ ತಿದ್ದಿದ್ದು ಹತ್ತು ವರ್ಷದವಳಾದ ಮೇಲೆ. ಕಾಲೇಜಿನಲ್ಲಿ ಅದನ್ನು ಕೊರತೆಯೆಂದು ಅಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಬಿ.ಎ., ಬಿ.ಎಡ್. ಮಾಡಿ ಎಂಟು ವರ್ಷ ಪಾಠ ಮಾಡಿದ ಮೇಲೂ ಆ ಭಾವನೆ ಪೂರ್ತಿ ಹೋಗಿರಲಿಲ್ಲ. ಥಾಯ್ಲೆಂಡಿನ ಮಕ್ಕಳ ಎದುರು ನಿಂತಾಗ ಹೋಯಿತು. ಅದನ್ನು ಮುಂದೆ ಹೇಳುತ್ತೇನೆ.

2016ರಲ್ಲಿ ನನ್ನ ಸಂಬಳ 18,000 ರೂಪಾಯಿ. ಡೊಂಬಿವಲಿಯ ಮನೆಯ ಸಾಲದ ಕಂತಿಗೆ ಅದರಲ್ಲಿ ಅರ್ಧ ಹೋಗುತ್ತಿತ್ತು. ಅಪ್ಪಯ್ಯ ಹೋಟೆಲು ಬಿಟ್ಟಾಗಿತ್ತು. ಯಾರೋ ಹೇಳಿದರು, ಪೂರ್ವ ಏಷ್ಯಾದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಬೇಡಿಕೆ ಇದೆ, ಎರಡು ವರ್ಷ ಹೋಗಿ ಬಂದರೆ ಸಾಲ ತೀರುತ್ತದೆ ಎಂದು. ಹುಡುಕಿದಾಗ ಸಿಕ್ಕಿದ ಅನುಭವ ಕಥನಗಳೆಲ್ಲ ಒಂದೇ ಧಾಟಿಯವು. ಕೊರಿಯಾದಲ್ಲಿ ಮನೆ ಉಚಿತ, ವಿಮಾನದ ಟಿಕೆಟ್ ಉಚಿತ, ವರ್ಷ ತುಂಬಿದರೆ ಒಂದು ತಿಂಗಳ ಸಂಬಳ ಹೆಚ್ಚುವರಿ, ಅರ್ಧಕ್ಕರ್ಧ ಉಳಿತಾಯ. ಎಲ್ಲವೂ ನಿಜ. ಆದರೆ ಬರೆದವರ ಪಾಸ್‌ಪೋರ್ಟ್ ಬೇರೆ. ಕೊರಿಯಾದ ಇ-2 ಎಂಬ ಭಾಷಾ ಶಿಕ್ಷಕರ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶಗಳವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಲ್ಲಿ ನಮ್ಮವರಿಗೆ ಸಹಾಯಕ ಶಿಕ್ಷಕರಾಗಲು ಒಂದು ಕಿಂಡಿ ಇದೆ, ಆದರೆ ಅದು ಕಿಂಡಿಯೇ. ಚೀನಾದಲ್ಲೂ ಹೆಚ್ಚಿನ ಜಾಹೀರಾತುಗಳು ಹುಟ್ಟಿನಿಂದ ಇಂಗ್ಲಿಷ್ ಮಾತನಾಡುವವರೇ ಬೇಕು ಎಂದು ಮೊದಲ ಸಾಲಿನಲ್ಲೇ ಹೇಳುತ್ತಿದ್ದವು. ಬಾಗಿಲು ತೆರೆದಿದ್ದದ್ದು ಥಾಯ್ಲೆಂಡಿನಲ್ಲಿ.

ಕಾಗದಪತ್ರದ ಓಡಾಟವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಪದವಿಯ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಮೊಹರು, ಅದರ ಮೇಲೆ ಥಾಯ್ ಕಾನ್ಸುಲೇಟಿನದು. ಪೊಲೀಸರಿಂದ ನಡತೆಯ ಪತ್ರ. ಇಂಗ್ಲಿಷ್ ಬರುತ್ತದೆ ಎಂದು ತೋರಿಸಲು ಟೋಯಿಕ್ ಪರೀಕ್ಷೆ. ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ನಾನು ಮೊದಲು ಹೋದ ಏಜೆಂಟ್ ಒಬ್ಬರು "ಪ್ರವಾಸಿ ವೀಸಾದಲ್ಲಿ ಹೋಗಿಬಿಡಿ, ಕೆಲಸದ ಪರವಾನಗಿ ಆಮೇಲೆ ತಾನಾಗಿ ಬರುತ್ತದೆ" ಎಂದರು. ತಾನಾಗಿ ಬರುವುದಿಲ್ಲ. ಪರವಾನಗಿ ಇಲ್ಲದೆ ಪಾಠ ಮಾಡುವುದು ಅಲ್ಲಿ ಅಪರಾಧ, ಅವಧಿ ಮೀರಿ ಉಳಿದರೆ ಅಲ್ಲಿನ ನಾಣ್ಯದಲ್ಲಿ ದಿನಕ್ಕೆ 500 ಬಾತ್ ದಂಡ. ಕೊಟ್ಟ ಮುಂಗಡ ಬಿಟ್ಟು ನಾನು ಎದ್ದು ಬಂದೆ. ಆ ನಷ್ಟಕ್ಕೆ ನಾನು ಒಂದು ದಿನವೂ ಮರುಗಲಿಲ್ಲ.

ಕೆಲಸ ಸಿಕ್ಕಿದ್ದು ಬ್ಯಾಂಕಾಕಿನಿಂದ ಸುಮಾರು 260 ಕಿಲೋಮೀಟರ್ ದೂರದ ನಖೋನ್ ರಾಚಸೀಮಾದಲ್ಲಿ. ಅಲ್ಲಿನವರು ಕೊರಾಟ್ ಎನ್ನುತ್ತಾರೆ. ಶಿಕ್ಷಕರನ್ನು ಶಾಲೆಗಳಿಗೆ ಒದಗಿಸುವ ಸಂಸ್ಥೆಯ ಮೂಲಕ ಸಂಬಳ 22,000 ಬಾತ್. ಆಗ ಒಂದು ಬಾತ್‌ಗೆ ಎರಡು ರೂಪಾಯಿಗಿಂತ ತುಸು ಕಡಿಮೆ, 42,000 ರೂಪಾಯಿ ಎಂದುಕೊಳ್ಳಿ. ಹೊರಡುವ ಮುನ್ನ ನಾನು ಹಾಕಿದ ಲೆಕ್ಕ ಸರಳ. ತಿಂಗಳ ಖರ್ಚು 11,500 ಬಾತ್ ಬಂದರೆ ಉಳಿಯುವುದು 10,500. ಹನ್ನೆರಡರಿಂದ ಗುಣಿಸಿದರೆ 1,26,000 ಬಾತ್. ಅಪ್ಪಯ್ಯನ ಪ್ರಶ್ನೆಗೆ ಈ ಹಾಳೆಯನ್ನೇ ತೋರಿಸಿದ್ದೆ. ಅವರು ನೋಡಿ ಏನೂ ಹೇಳಲಿಲ್ಲ.

ತಪ್ಪಿದ್ದು ಆ ಹನ್ನೆರಡರಲ್ಲಿ. ಥಾಯ್ಲೆಂಡಿನ ಶಾಲಾ ವರ್ಷ ಮೇ ತಿಂಗಳ ಮಧ್ಯದಲ್ಲಿ ಶುರುವಾಗಿ ಮಾರ್ಚಿಗೆ ಮುಗಿಯುತ್ತದೆ. ಏಪ್ರಿಲಿನಲ್ಲಿ ಬಿರುಬಿಸಿಲು, ಸೊಂಗ್‌ಕ್ರಾನ್ ಹಬ್ಬ, ಶಾಲೆಗೆ ರಜೆ. ನನ್ನ ಒಪ್ಪಂದ ಹತ್ತು ತಿಂಗಳದ್ದು. ಸಂಬಳ ಹತ್ತು ತಿಂಗಳು, ಹೊಟ್ಟೆ ಹನ್ನೆರಡು ತಿಂಗಳು. ಕೋಣೆಯ ಬಾಡಿಗೆ 3,500 ಬಾತ್, ಅದು ರಜೆಯಲ್ಲೂ ನಿಲ್ಲುವುದಿಲ್ಲ. ಮನೆಯ ಒಡತಿ ವಿದ್ಯುತ್ತಿಗೆ ಯೂನಿಟ್ಟಿಗೆ 7 ಬಾತ್ ಹಾಕುತ್ತಿದ್ದರು. ಬಂದ ಹಣ 2,20,000. ಹೋದದ್ದು 1,38,000. ಪರವಾನಗಿ, ವೀಸಾ ವಿಸ್ತರಣೆ, ದೇಶ ಬಿಟ್ಟು ಮರಳಲು ಬೇಕಾದ ಅನುಮತಿ ಎಲ್ಲ ಸೇರಿ 6,000. ಊರಿಗೆ ಹೋಗಿ ಬರಲು 14,000. ವರ್ಷದ ಕೊನೆಗೆ ಕೈಯಲ್ಲಿ ಉಳಿದದ್ದು 62,000 ಬಾತ್, ಎಂದರೆ ಸುಮಾರು 1,17,000 ರೂಪಾಯಿ. ಕಾಗದದ ಮೇಲೆ ನೋಡಿದ್ದರ ಅರ್ಧ.

ಪಕ್ಕದ ತರಗತಿಗೆ ಅದೇ ಪುಸ್ತಕ ಕಲಿಸುತ್ತಿದ್ದ ಹುಡುಗ ಆ ಏಳು ದೇಶಗಳಲ್ಲೊಂದರವನು. ಕಾಲೇಜು ಮುಗಿಸಿ ನೇರವಾಗಿ ಬಂದಿದ್ದ, ಒಂದು ದಿನವೂ ಪಾಠ ಮಾಡಿದವನಲ್ಲ. ಪಾಠದ ಟಿಪ್ಪಣಿ ಹೇಗೆ ಬರೆಯಬೇಕೆಂದು ನನ್ನ ಬಳಿಯೇ ಕಲಿತ. ಒಂದು ದಿನ ಮಾತಿನ ನಡುವೆ ತನ್ನ ಸಂಬಳ ಹೇಳಿದ: 32,000. ನನ್ನದು ಕೇಳಿ ಅವನ ಮುಖ ಕೆಂಪಾಯಿತು. ಅವನದೇನೂ ತಪ್ಪಿರಲಿಲ್ಲ. ಆ ರಾತ್ರಿ ನಾನು ಅತ್ತೆ. ಎಂಟು ವರ್ಷದ ಅನುಭವಕ್ಕೆ, ಬಿ.ಎಡ್.ಗೆ ಬೆಲೆ ಕಟ್ಟಿದ್ದು ಪಾಸ್‌ಪೋರ್ಟಿನ ಬಣ್ಣ ಎಂಬ ಸಂಕಟ ಇವತ್ತಿಗೂ ಪೂರ್ತಿ ಆರಿಲ್ಲ. ಅಲ್ಲಿ ನನ್ನಂತೆಯೇ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಫಿಲಿಪ್ಪೀನ್ಸಿನ ಶಿಕ್ಷಕಿಯರು ಎಷ್ಟೋ ಜನ. ಅವರಷ್ಟು ಚೆನ್ನಾಗಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷವೇ, 2016ರ ಅಕ್ಟೋಬರ್ 13ರಂದು, ದೊರೆ ಭೂಮಿಬೋಲ್ ತೀರಿಕೊಂಡರು. ಸರ್ಕಾರಿ ನೌಕರರು ಒಂದು ವರ್ಷ ಕಪ್ಪು ಉಡುಪು ಧರಿಸಬೇಕೆಂದು ಆದೇಶವಾಯಿತು, ನಮ್ಮ ಶಾಲೆಯಲ್ಲಿ ನಾವೂ ಹಾಗೆಯೇ ನಡೆದುಕೊಂಡೆವು. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಖಾಲಿ. ಮಾರುಕಟ್ಟೆಯ ಬದಿಯಲ್ಲಿ ದೊಡ್ಡ ಹಂಡೆಗಳಲ್ಲಿ ಕಪ್ಪು ಬಣ್ಣ ಕುದಿಸಿ ಬಂದವರ ಬಟ್ಟೆಗಳಿಗೆ ಉಚಿತವಾಗಿ ಬಣ್ಣ ಹಾಕಿಕೊಡುತ್ತಿದ್ದರು. ಹಸಿರು ಹತ್ತಿಯ ಎರಡು ಕುರ್ತಾಗಳನ್ನು ನಾನು ತೆಗೆದುಕೊಂಡು ಹೋದೆ. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿ ತನ್ನ ಒಂದೇ ಒಂದು ರವಿಕೆಯನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದರು. ಹಂಡೆಯಿಂದ ಕೋಲಿನಲ್ಲಿ ಎತ್ತಿ ಹಿಂಡಿ ಕೊಟ್ಟಾಗ ಅದರಿಂದ ಇಳಿದ ಬಣ್ಣ ಅವರ ಬೆರಳುಗಳಿಗೂ ಹತ್ತಿತು. ನನ್ನ ಕುರ್ತಾದ ಹೊಲಿಗೆಯ ದಾರ ಮಾತ್ರ ಬಣ್ಣ ಹಿಡಿಯದೆ ಹಸಿರಾಗಿಯೇ ಉಳಿಯಿತು. ಒಂದು ವರ್ಷ ಅದನ್ನೇ ತೊಟ್ಟೆ.

ಮೊದಲ ವರ್ಷ ಮುಗಿದಾಗ ಎರಡು ಕರೆಗಳಿದ್ದವು. ಒಂದು, ಅದೇ ಸಂಸ್ಥೆಯಿಂದ, 24,000 ಬಾತ್‌ಗೆ. ಇನ್ನೊಂದು, ಊರ ಹೊರಗಿನ ಒಂದು ಶಾಲೆ ನೇರವಾಗಿ ಕೊಟ್ಟದ್ದು, 20,000 ಬಾತ್. ಜೊತೆಯವರೆಲ್ಲ ಮೊದಲನೆಯದನ್ನೇ ಹಿಡಿ ಎಂದರು. ನಾನು ಫೋನಿನಲ್ಲಿ ಅಪ್ಪಯ್ಯನಿಗೆ ಎರಡನ್ನೂ ಓದಿ ಹೇಳಿದೆ. ಎರಡನೆಯದರಲ್ಲಿ ಶಾಲೆಯ ಆವರಣದಲ್ಲೇ ಶಿಕ್ಷಕರ ಕೋಣೆ, ಮಧ್ಯಾಹ್ನದ ಊಟ, ಹನ್ನೆರಡು ತಿಂಗಳೂ ಸಂಬಳ. "ಇದರಲ್ಲಿ ಯೋಚಿಸಲಿಕ್ಕೆ ಏನುಂಟು?" ಎಂದರು ಅಪ್ಪಯ್ಯ.

ಆ ವರ್ಷದ ಪುಸ್ತಕ ಇಲ್ಲಿ ನನ್ನ ಮುಂದೆ ಇದೆ. ಬಂದದ್ದು 2,40,000. ವಿದ್ಯುತ್ತು, ರಾತ್ರಿಯ ಊಟ, ಫೋನು, ಓಡಾಟ ಎಲ್ಲ ಸೇರಿ ತಿಂಗಳಿಗೆ 6,500, ವರ್ಷಕ್ಕೆ 78,000. ಸಾಮಾಜಿಕ ಭದ್ರತೆಗೆ ತಿಂಗಳಿಗೆ 750ರಂತೆ 9,000. ಅದರಿಂದ ಆಸ್ಪತ್ರೆಯ ಖರ್ಚಿನ ಭಯ ತಪ್ಪಿತು. ಪರವಾನಗಿಗಳಿಗೆ 6,000, ವಿಮಾನಕ್ಕೆ 14,000. ಆದಾಯ ತೆರಿಗೆ ಬೀಳಲಿಲ್ಲ. ವಿನಾಯಿತಿಗಳೆಲ್ಲ ಕಳೆದ ಮೇಲೆ ಅಲ್ಲಿ ಮೊದಲ 1,50,000 ಬಾತ್‌ಗೆ ತೆರಿಗೆಯಿಲ್ಲ. ಉಳಿದದ್ದು 1,33,000. ತಿಂಗಳಿಗೆ ಎರಡು ಸಾವಿರ ಕಡಿಮೆ ಸಂಬಳ, ಎರಡರಷ್ಟಕ್ಕೂ ಹೆಚ್ಚು ಉಳಿತಾಯ. ಅಟ್ಟದ ಮೇಲೆ ಅಕ್ಕಿ ಮೂಟೆಯ ಪಕ್ಕ ಕುಳಿತು ಅಪ್ಪಯ್ಯ ಹಾಕಿದ್ದ ಲೆಕ್ಕವೇ ಇದು, ನಾಣ್ಯ ಮಾತ್ರ ಬೇರೆ.

ಶಾಲೆ ಬದಲಿಸುವಾಗ ಒಂದು ಎಚ್ಚರ ಬೇಕು. ಅಲ್ಲಿನ ವೀಸಾ ವಿಸ್ತರಣೆ ಶಾಲೆಗೆ ಅಂಟಿಕೊಂಡಿರುತ್ತದೆ. ಶಾಲೆ ಬಿಟ್ಟರೆ ಅದೂ ರದ್ದು. ನಾನು ಏಪ್ರಿಲಿನಲ್ಲಿ ಹೇಗೂ ಮನೆಗೆ ಬರುವವಳಿದ್ದೆ, ಹೊಸ ವೀಸಾವನ್ನು ಮುಂಬಯಿಯಲ್ಲೇ ಮಾಡಿಸಿಕೊಂಡೆ. ಒಂದೇ ಪ್ರಯಾಣದಲ್ಲಿ ಎರಡು ಕೆಲಸ.

ಊಟದ ವಿಷಯದಲ್ಲಿ ನನಗೆ ಅದೃಷ್ಟವಿತ್ತು. ಮೀನು ತಿನ್ನುವವಳು, ಅನ್ನ ಇಲ್ಲದೆ ಊಟ ಎನ್ನದವಳು. ಶಾಲೆಯ ಹಿಂದಿನ ಸಂತೆಯಲ್ಲಿ 40 ಬಾತ್‌ಗೆ ಹೊಟ್ಟೆ ತುಂಬುತ್ತಿತ್ತು. ಕುಚ್ಚಲಕ್ಕಿಯ ಬದಲು ಅಂಟಕ್ಕಿಯ ಅನ್ನ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ. ಬೆರಳಿನಲ್ಲಿ ಉಂಡೆ ಕಟ್ಟಿ ತಿನ್ನಬೇಕು. ಭಾರತದ ಅಂಗಡಿಯ ಬೇಳೆ, ಮಸಾಲೆಗೇ ಜೋತುಬಿದ್ದ ಗೆಳತಿಯೊಬ್ಬಳಿಗೆ ತಿಂಗಳ ಊಟಕ್ಕೇ ನನ್ನ ಮೂರರಷ್ಟು ಆಗುತ್ತಿತ್ತು. ಅವಳನ್ನು ದೂರಲಾರೆ. ಊರಿನ ಸಾರಿನ ಪರಿಮಳಕ್ಕೆ ಹಾತೊರೆಯುವುದು ಎಲ್ಲರಿಗೂ ಇದ್ದದ್ದೇ. ನಾನು ತಿಂಗಳಿಗೊಮ್ಮೆ, ಸಂಬಳದ ಭಾನುವಾರ, ತೆಂಗಿನಕಾಯಿ ತುರಿದು ಮೀನಿನ ಗಸಿ ಮಾಡುತ್ತಿದ್ದೆ. ಉಳಿದ ದಿನ ಸಂತೆಯ ಊಟ.

ಹಾಲಿನ ಪುಡಿಯ ಡಬ್ಬವೊಂದಕ್ಕೆ ಪಿಗ್ಮಿ ಎಂದು ಕನ್ನಡದಲ್ಲಿ ಬರೆದು ಕಪಾಟಿನ ಮೇಲೆ ಇಟ್ಟಿದ್ದೆ. ದಿನಕ್ಕೊಂದು 20 ಬಾತ್ ನೋಟು, ಹಸಿರು ಬಣ್ಣದ್ದು. ವರ್ಷಕ್ಕೆ 7,300. ಮನೆಗೆ ಹೋಗಿ ಬರುವ ವಿಮಾನದ ಅರ್ಧ ಖರ್ಚು ಆ ಡಬ್ಬದಿಂದಲೇ ಬಂತು. ಕೊಠಡಿಗೆ ಬಂದ ಥಾಯ್ ಶಿಕ್ಷಕಿಯೊಬ್ಬರು ಏನಿದು ಎಂದು ಕೇಳಿದಾಗ ಅಂಗಳದಲ್ಲಿ ಸೈಕಲ್ಲು ನಿಲ್ಲಿಸುವ ಏಜೆಂಟರ ಕಥೆ ಹೇಳಿದೆ. ಮರುವಾರ ಅವರೂ ಒಂದು ಡಬ್ಬ ಇಟ್ಟರು.

ಹಣದ ಮಾತಿನ ನಡುವೆ ಪಾಠದ ಮಾತು ಹಿಂದೆ ಬಿತ್ತು. ಥಾಯ್ ಭಾಷೆಯಲ್ಲಿ ಪದದ ಕೊನೆಗೆ ಸಕಾರ ನಿಲ್ಲುವುದಿಲ್ಲ. 'ಹೌಸ್' ಎಂದರೆ ಮಕ್ಕಳು 'ಹೌತ್' ಎನ್ನುತ್ತಿದ್ದರು, 'ಸ್ಕೂಲ್' 'ಸಕೂನ್' ಆಗುತ್ತಿತ್ತು. ಕಿವಿಯ ತಪ್ಪಲ್ಲ, ನಾಲಿಗೆಯ ರೂಢಿ. ನನಗೆ ಮಹಾನಗರಪಾಲಿಕೆಯ ಶಾಲೆಯ ಐದನೇ ತರಗತಿ ನೆನಪಾಯಿತು. ನಾವು 'ಬಸ್ಸು', 'ಇಸ್ಕೂಲು' ಎನ್ನುತ್ತಿದ್ದೆವು. ನಮ್ಮ ನಾಲಿಗೆಗೆ ಪದದ ಕೊನೆಗೊಂದು ಉಕಾರ ಬೇಕು. ನಮ್ಮ ಟೀಚರು ಬೈಯದೆ, ಮೊದಲು ಉಕಾರದ ಜೊತೆಗೇ ಹೇಳಿಸಿ, ಆಮೇಲೆ ಅದನ್ನು ಪಿಸುಮಾತಿಗೆ ಇಳಿಸಿ, ಕೊನೆಗೆ ನುಂಗಿಸುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. 'ಹೌಸು' ಎನ್ನಿಸಿದೆ. ಸಕಾರದ ಮುಂದೆ ಸ್ವರ ಬಂದರೆ ಆ ಮಕ್ಕಳ ನಾಲಿಗೆಗೂ ಅದು ಸಲೀಸು. ಹದಿನೈದು ದಿನಕ್ಕೆ ಸ್ವರ ಉದುರಿತು, ಸಕಾರ ಉಳಿಯಿತು. ಹಿಂದಿನ ಸಾಲಿನ ಒಬ್ಬ ಹುಡುಗಿ ಮೊದಲ ಬಾರಿ ಸರಿಯಾಗಿ ಹೇಳಿ, ತನ್ನ ಬಾಯಿಂದ ಬಂದ ಆ ಸದ್ದನ್ನು ನಂಬಲಾರದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹತ್ತನೇ ವರ್ಷದಲ್ಲಿ ಇಂಗ್ಲಿಷ್ ಕಲಿತವಳಿಗೆ ಮಾತ್ರ ಆ ದಾರಿ ನೆನಪಿರಲು ಸಾಧ್ಯ. ಪಕ್ಕದ ತರಗತಿಯ ಹುಡುಗನಿಗೆ ಅದನ್ನು ಕಲಿತ ನೆನಪೇ ಇರಲಿಲ್ಲ.

ಶಿಕ್ಷಕರನ್ನು ಅಲ್ಲಿ 'ಖ್ರೂ' ಎನ್ನುತ್ತಾರೆ. ಅದು ನಮ್ಮ 'ಗುರು'ವೇ. ಜೂನ್ ತಿಂಗಳ ಒಂದು ಗುರುವಾರ ವಾಯ್ ಖ್ರೂ, ಗುರುವಂದನೆ. ಮೊದಲ ವರ್ಷ ಮಕ್ಕಳು ಮಂಡಿಯೂರಿ ಸಾಲಾಗಿ ಬಂದು ತಟ್ಟೆ ಒಪ್ಪಿಸಿದಾಗ ಅದರಲ್ಲಿದ್ದದ್ದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಕೇಪಳದ ಹೂ, ಬದನೆಯ ಹೂ, ಗರಿಕೆ. ಕೇಪಳದ ಮೊಗ್ಗು ಸೂಜಿಯಂತೆ, ಬುದ್ಧಿ ಹಾಗೆ ಚೂಪಾಗಲಿ ಎಂದು. ಬದನೆಯ ಹೂ ಬಾಗಿರುತ್ತದೆ, ವಿನಯಕ್ಕೆ. ಗರಿಕೆ ಎಲ್ಲಿ ಬಿದ್ದರೂ ಹಬ್ಬುತ್ತದೆ, ವಿದ್ಯೆಗೆ. ನಮ್ಮ ಮನೆಯ ಹಿತ್ತಿಲಿನ ಮೂರೂ ಸಸ್ಯಗಳು. ಆ ತಟ್ಟೆಯನ್ನು ಯಾವ ಕಾಲಂನಲ್ಲಿ ಬರೆಯಲಿ?

ಬರೆಯಲು ಬಾರದ ಇನ್ನೊಂದಿದೆ. 2017ರ ಆಗಸ್ಟಿನಲ್ಲಿ ಊರಿನಲ್ಲಿ ಅಜ್ಜಿ ತೀರಿಕೊಂಡರು. ಫೋನು ಬಂದದ್ದು ಬೆಳಗಿನ ಎಂಟಕ್ಕೆ, ಶಾಲೆಯ ಅಂಗಳದಲ್ಲಿ ರಾಷ್ಟ್ರಗೀತೆಗೆ ಎಲ್ಲರೂ ನೆಟ್ಟಗೆ ನಿಂತ ಹೊತ್ತಿನಲ್ಲಿ. ಗೀತೆ ಮುಗಿಯುವವರೆಗೆ ನಾನು ಅಲುಗಾಡದೆ ನಿಂತೆ, ಆ ಒಂದು ನಿಮಿಷದಲ್ಲಿ ನನ್ನ ತಲೆ ಮಾಡಿದ್ದು ಲೆಕ್ಕ. ಬ್ಯಾಂಕಾಕಿಗೆ ಬಸ್ಸು, ಅಂದೇ ಸಿಗುವ ವಿಮಾನದ ಟಿಕೆಟ್ಟು, ಮರುಪ್ರವೇಶದ 1,000 ಬಾತ್, ಕೊಂಕಣ ರೈಲು, ಕತ್ತರಿಸುವ ಸಂಬಳ. ಅಳು ಬಂದದ್ದು ಮೊತ್ತ ಸಿಕ್ಕಿದ ಮೇಲೆ. ನಾನು ಹೋಗಲಿಲ್ಲ. ಹೋಗಿದ್ದರೂ ಮುಖ ಕಾಣಲು ಸಿಗುತ್ತಿರಲಿಲ್ಲ ಎಂದು ಅಮ್ಮ ಸಮಾಧಾನ ಹೇಳಿದರು. ನಿಜವೇ. ಆದರೆ ಹೋಗದಿದ್ದದ್ದು ಆ ಕಾರಣಕ್ಕಲ್ಲ. ಮೂರು ವರ್ಷದಲ್ಲಿ ನಾನು ಉಳಿಸಿದ ಹಣದಲ್ಲಿ ಆ ಟಿಕೆಟ್ಟಿನ ದುಡ್ಡೂ ಇದೆ. ಅದೊಂದನ್ನು ನಾನು ಉಳಿತಾಯ ಎಂದು ಕರೆಯಲಾರೆ. ಯಾರಾದರೂ ಹೊರಡುವವರು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಒಂದು ಬಾರಿ ದಿಢೀರನೆ ಮನೆಗೆ ಓಡಿಬರುವಷ್ಟು ಹಣವನ್ನು ಬೇರೆ ಎತ್ತಿಡಿ, ಅದನ್ನು ಲೆಕ್ಕಕ್ಕೇ ಸೇರಿಸಬೇಡಿ.

ಹಣ ಕಳಿಸುವ ದಾರಿಯ ಬಗ್ಗೆ ಅಣ್ಣನ ಮಗಳು ಬಹಳ ಕೇಳಿದಳು, ಅಲ್ಲಿ ಹೇಳುವಂಥದ್ದು ಸ್ವಲ್ಪವೇ. ನನ್ನ ಬ್ಯಾಂಕು ಎಷ್ಟು ಕಳಿಸಿದರೂ ಒಂದೇ ಶುಲ್ಕ ಹಿಡಿಯುತ್ತಿತ್ತು, ಹಾಗಾಗಿ ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಕಳಿಸಿದೆ. ಕೆಲಸಕ್ಕೆಂದು ದೇಶ ಬಿಟ್ಟವರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯ ಮಟ್ಟಿಗೆ ಅನಿವಾಸಿ. ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು, ಅಲ್ಲಿಂದ ಕಳಿಸುವ ದುಡಿಮೆಯನ್ನು ಹೊರದೇಶದ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಹಾಕಿದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಮೊದಲೇ ತೆರೆದಿದ್ದ ಪಿಪಿಎಫ್, ಎಂದರೆ ಸಾರ್ವಜನಿಕ ಭವಿಷ್ಯ ನಿಧಿಯ ಖಾತೆ, ಅವಧಿ ಮುಗಿಯುವವರೆಗೆ ಮುಂದುವರಿಯುತ್ತದೆ, ಅನಿವಾಸಿಯಾದ ಮೇಲೆ ಹೊಸದನ್ನು ತೆರೆಯಲಾಗದು. ಹೊರಡುವ ಮುನ್ನ ಐದು ನೂರು ರೂಪಾಯಿ ಹಾಕಿಯಾದರೂ ಒಂದು ಪಿಪಿಎಫ್ ತೆರೆದಿಡು ಎಂದೆ. ನಾನು ಅಲ್ಲಿದ್ದ ಮೂರು ವರ್ಷದಲ್ಲಿ ಬಾತ್ ಬಲವಾಯಿತು, ಬರುವ ಹೊತ್ತಿಗೆ ಎರಡೂಕಾಲು ರೂಪಾಯಿಯ ಹತ್ತಿರ ಬಂದಿತ್ತು. ಅದು ನನ್ನ ಜಾಣತನವಲ್ಲ, ಅದನ್ನು ನಂಬಿ ಹೊರಡಬಾರದು. 2019ರ ಮಾರ್ಚಿನಲ್ಲಿ ಮರಳಿದಾಗ ಏಳು ಲಕ್ಷ ರೂಪಾಯಿಗೆ ತುಸು ಕಡಿಮೆ ಉಳಿದಿತ್ತು. ಮನೆಯ ಸಾಲದ ಬಾಕಿ ಕಟ್ಟಿ, ಬ್ಯಾಂಕಿನವರು ಹಿಂದಿರುಗಿಸಿದ ಪತ್ರಗಳನ್ನು ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಅದನ್ನು ಮನಿಯಾರ್ಡರ್ ಕಟ್ಟಿನ ಕೆಳಗೆ ಇಟ್ಟರು.

ಭಾನುವಾರ ಸಂಜೆಯವರೆಗೂ ನಾವಿಬ್ಬರು ಆ ಪಟ್ಟಿಯನ್ನು ಹಿಡಿದು ಕುಳಿತೆವು. ಕೊರಿಯಾದ ಸಾಲನ್ನು ಅವಳೇ ಅಳಿಸಿದಳು. ಚೀನಾದ ಖಾಸಗಿ ಬೋಧನಾ ಕೇಂದ್ರಗಳ ದೊಡ್ಡ ಸಂಬಳದ ಮುಂದೆ ನಾನು 2021ರ ಜುಲೈ ಎಂದು ಬರೆದೆ. ಮಕ್ಕಳ ಮೇಲಿನ ಪಾಠದ ಹೊರೆ ತಗ್ಗಿಸಬೇಕೆಂದು ಅಲ್ಲಿನ ಸರ್ಕಾರ ಆ ತಿಂಗಳು ಶಾಲಾ ವಿಷಯಗಳ ಲಾಭದಾಯಕ ಟ್ಯೂಷನ್ನನ್ನು ತಡೆಯಿತು, ಇಂಗ್ಲಿಷ್ ಕಲಿಸಿ ಬದುಕುತ್ತಿದ್ದ ಎಷ್ಟೋ ಜನರ ಕೆಲಸ ಹೋಯಿತು. ಅವಳಿಗೆ ಗಿರಣಿ ಮುಷ್ಕರದ ಕಥೆ ಹೇಳಿದ್ದು ಆಗಲೇ. ಅಪ್ಪಯ್ಯ ಪೇಪರ್ ಮಡಿಸಿಟ್ಟು ಕೇಳಿಸಿಕೊಳ್ಳುತ್ತಿದ್ದರು, ನಡುವೆ ಒಂದು ಕಡೆ ನನ್ನನ್ನು ತಿದ್ದಿದರು: ಆ ಊರಿನವರು ಹಿಂಬಾಗಿಲಿಗೆ ಬರುತ್ತಿದ್ದದ್ದು ಅವರಿಗೆ ನಾಚಿಕೆ ಎಂದಲ್ಲ, ಮುಂಬಾಗಿಲು ಆ ಹೊತ್ತಿಗೆ ಮುಚ್ಚಿರುತ್ತಿತ್ತು ಎಂದು.

ಹೊರಡುವ ಮುನ್ನ ಅವಳು ಮೂರು ಶಾಲೆಗಳಿಗೆ ಪತ್ರ ಬರೆದಳು. ಸಂಬಳ ಕೇಳಲಿಲ್ಲ. ಕೋಣೆ ಉಂಟೇ, ಊಟ ಉಂಟೇ, ವರ್ಷದಲ್ಲಿ ಎಷ್ಟು ತಿಂಗಳು ಸಂಬಳ, ಇಷ್ಟನ್ನೇ ಕೇಳಿದಳು. ನಿನ್ನೆ ರಾತ್ರಿ ಫೋನು ಮಾಡಿದ್ದಳು. ಒಂದು ಉತ್ತರ ಬಂದಿದೆಯಂತೆ. ಕೋಣೆ ಇದೆ, ಮಧ್ಯಾಹ್ನದ ಊಟ ಇದೆ, ಸಂಬಳ ಹನ್ನೊಂದು ತಿಂಗಳು. ನಾನು ಸ್ಪೀಕರಿಗೆ ಹಾಕಿದೆ.

"ಹನ್ನೆರಡನೆಯ ತಿಂಗಳಿಗೆ?" ಎಂದರು ಅಪ್ಪಯ್ಯ.

"ಹನ್ನೊಂದರಿಂದ ಗುಣಿಸಿ ಹನ್ನೆರಡರಿಂದ ಭಾಗಿಸುತ್ತಾ ಇದ್ದೇನೆ, ಅಜ್ಜ, ಒಂದು ನಿಮಿಷ" ಎಂದಳು ಅವಳು. ಆಚೆ ಕಡೆಯಿಂದ ಪೆನ್ಸಿಲ್ ಗೀಚುವ ಸದ್ದು ಕೇಳಿಸುತ್ತಿತ್ತು.